ಫೋನಿಗೂ ಒಂದು ಸರ್ವೇ ನಂಬರು



ನಿಮ್ಮ ಕಿಸೆಯಲ್ಲಿರುವ ಮೊಬೈಲ್ ಫೋನಿಗೆ ಎಷ್ಟು ನಂಬರುಗಳಿವೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. ಹತ್ತು ಅಂಕಿಗಳದು, ಬಂಧು ಬಳಗಕ್ಕೆಲ್ಲ ಗೊತ್ತಿರುವುದು. ಎರಡು ಸಿಮ್ ಹಾಕಿಕೊಂಡವರು ಎರಡು ಎಂದಾರು. ಆದರೆ ವಿಚಾರ ಮಾಡಿದರೆ ಆ ನಂಬರು ಫೋನಿನದಲ್ಲ. ಸಿಮ್ ತೆಗೆದು ಬೇರೊಂದು ಫೋನಿಗೆ ಹಾಕಿದ ಕೂಡಲೆ ಅದೂ ಅದರ ಹಿಂದೆಯೇ ಹೊರಟುಹೋಗುತ್ತದೆ. ಫೋನೆಂಬ ಯಂತ್ರಕ್ಕೇ ಸೇರಿದ, ಕಾರ್ಖಾನೆಯಲ್ಲಿಯೇ ಅದರ ಮೈಮೇಲೆ ಬಿದ್ದ ನಂಬರುಗಳು ಬೇರೆ ಇವೆ. ಅವುಗಳಲ್ಲಿ ಒಂದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಮೀಡಿಯಾ ಆಕ್ಸೆಸ್ ಕಂಟ್ರೋಲ್ ಎಂಬ ಮೂರು ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳಿಂದ ಆದ ಹೆಸರು ಅದು. ಜಾಲದ ಕಡೆಯಿಂದ ನೋಡಿದರೆ ಅದು ಆ ಯಂತ್ರದ ಸ್ವಂತ ಗುರುತು.

ಈ ನಂಬರಿನ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಮಗಳು ಧಾರವಾಡಕ್ಕೋ ಹುಬ್ಬಳ್ಳಿಗೋ ಓದಲು ಹೋಗಿ ವಸತಿ ನಿಲಯ ಸೇರುತ್ತಾಳೆ. ಅಲ್ಲಿನ ವೈ-ಫೈ ಬೇಕೆಂದರೆ ಕೆಲವು ಕಡೆ ಒಂದು ಫಾರ್ಮು ತುಂಬಿಸುತ್ತಾರೆ. ಅದರಲ್ಲಿ ಫೋನಿನ ಮ್ಯಾಕ್ ವಿಳಾಸ ಬರೆಯಿರಿ ಎಂಬ ಒಂದು ಸಾಲು ಇರುತ್ತದೆ. ಕಚೇರಿಗಳಲ್ಲಿಯೂ ಹೀಗೆ ಕೇಳುವುದುಂಟು. ಆಗ ಏನು ಬರೆಯಬೇಕು, ಎಲ್ಲಿ ಹುಡುಕಬೇಕು, ಬರೆದುಕೊಟ್ಟರೆ ಏನಾಗುತ್ತದೆ ಎಂಬುದು ಗೊತ್ತಿರುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ಇಂಥ ನಂಬರುಗಳು ಏಕೆ ಹುಟ್ಟುತ್ತವೆ, ಹುಟ್ಟಿದ ಮೇಲೆ ಯಾರ ಕೈಗೆ ಹೋಗುತ್ತವೆ ಎಂಬುದಕ್ಕೆ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಅರಿಯಲು ಧಾರವಾಡ ಜಿಲ್ಲೆಯ ರೈತನಿಗೆ ದೂರ ಹೋಗುವ ಅಗತ್ಯವಿಲ್ಲ. ಅವನ ಮನೆಯ ಪೆಟ್ಟಿಗೆಯಲ್ಲಿರುವ ಹೊಲದ ಉತಾರದಿಂದಲೇ ಪ್ರಾರಂಭಿಸಬಹುದು.

ಹೊಲಕ್ಕೆ ನಂಬರು ಬಂದ ಬಗೆ

ಅಣ್ಣಿಗೇರಿ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರು ಎಂಬ ನಾಡಿನ ರಾಜಧಾನಿಯಾಗಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಾಲಯಕ್ಕೆ ಬಿಟ್ಟ ಭೂಮಿಯನ್ನು ಹೇಗೆ ಗುರುತಿಸುತ್ತಾರೆಂದು ನೋಡಿ. ಇಷ್ಟು ಮತ್ತರು ಕೆಯ್ ಎಂದು ಅಳತೆ ಹೇಳಿ, ಮೂಡಲಿಗೆ ಇಂಥದು, ತೆಂಕಲಿಗೆ ಇಂಥದು ಎಂದು ಸುತ್ತಲಿನ ಗುರುತುಗಳನ್ನು ಎಣಿಸುತ್ತಾರೆ. ಹಳ್ಳ, ದಾರಿ, ಮರ, ನೆಟ್ಟ ಕಲ್ಲು ಇವೇ ಮೇರೆ. ಹೊಲಕ್ಕೆ ತನ್ನದೇ ನಂಬರಿಲ್ಲ. ನೆರೆಹೊರೆ ಗೊತ್ತಿದ್ದರಷ್ಟೇ ಅದು ಗೊತ್ತಾಗುತ್ತದೆ.

ಈ ಪದ್ಧತಿ ಬಹುಕಾಲ ನಡೆಯಿತು. ಊರಿನವರಿಗೆ ಹುಣಸೀಮರದ ಹೊಲ, ಹಳ್ಳದ ದಂಡೆಯ ಹೊಲ ಎಂದರೆ ಸಾಕು. ಎತ್ತಿನ ಜೋಡಿ ಒಂದು ದಿನಕ್ಕೆ ಎಷ್ಟು ಬಿತ್ತುತ್ತದೆ ಎಂಬುದರ ಮೇಲೆ ಕೂರಿಗೆ ಲೆಕ್ಕ. ಕುಲಕರ್ಣಿಯ ತಲೆಯಲ್ಲಿ, ಅವನ ಕಾಗದದಲ್ಲಿ ಎಲ್ಲವೂ ಇರುತ್ತಿತ್ತು. ತೊಂದರೆ ಬಂದದ್ದು ಊರಿನ ಹೊರಗಿನವನಿಗೆ. ನೂರಾರು ಹಳ್ಳಿಗಳಿಂದ ಕಂದಾಯ ಎತ್ತಬೇಕಾದ ಸರ್ಕಾರಕ್ಕೆ ಹುಣಸೀಮರದ ಹೊಲ ಎಂದರೆ ಏನೂ ಅರ್ಥವಾಗುವುದಿಲ್ಲ. ಊರೂರಿಗೂ ಒಂದು ಹುಣಸೀಮರವಿದೆ!

೧೮೩೫ರ ಸುಮಾರಿಗೆ ಪುಣೆಯ ಹತ್ತಿರ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಹೊಸ ಮೋಜಣಿಯನ್ನು ಆರಂಭಿಸಿದರು. ೧೮೪೦ರ ದಶಕದಲ್ಲಿ ಅದು ನಮ್ಮ ಕಡೆಗೆ, ಅಂದಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಬಂದಿತು. ೧೮೪೭ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಸೇರಿ ಬರೆದ ಜಂಟಿ ವರದಿ ಈ ಪದ್ಧತಿಗೆ ನಿಯಮಗಳನ್ನು ಕಟ್ಟಿಕೊಟ್ಟಿತು. ಅಳೆಯುವ ಸರಪಳಿ ೩೩ ಅಡಿ ಉದ್ದ. ಅದರಲ್ಲಿ ೧೬ ಆಣೆಯ ಭಾಗಗಳು. ಆ ಸರಪಳಿಯ ಒಂದು ಚೌಕವೇ ಗುಂಟೆ, ೪೦ ಗುಂಟೆಗೆ ಒಂದು ಎಕರೆ. ನೀವು ಇಂದಿಗೂ ಆಡುವ ಎಕರೆ-ಗುಂಟೆ ಲೆಕ್ಕ ಅಂದಿನದು. ಒಂದು ಊರಿನ ಹೊಲಗಳನ್ನೆಲ್ಲ ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸಿ, ಮೂಲೆಗೆ ಬಾಂದುಗಲ್ಲು ನೆಟ್ಟು, ನಕಾಶೆ ಬರೆದರು. ಹೀಗೆ ಹೊಲಕ್ಕೆ ಸರ್ವೇ ನಂಬರು ಬಂದಿತು.

ಇದರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ನಂಬರನ್ನು ಕೊಟ್ಟದ್ದು ಹೊಲಕ್ಕೆ, ಒಕ್ಕಲಿಗನಿಗಲ್ಲ. ಅಪ್ಪ ಸತ್ತು ಮಗ ಬಂದರೂ, ಮಾರಿದರೂ, ಕೊಂಡರೂ ನಂಬರು ಅದೇ. ಬೆಣ್ಣಿಹಳ್ಳಕ್ಕೆ ಪೂರ ಬಂದು ಬದು ಕೊಚ್ಚಿಹೋದರೂ ಮೋಜಣಿಯ ಟಿಪ್ಪಣಿ ನೋಡಿ ಮತ್ತೆ ಅಳೆದು ಮೇರೆಯನ್ನು ಹುಡುಕಬಹುದು. ಇನ್ನೊಂದು ಸೂಕ್ಷ್ಮವೆಂದರೆ, ೪೫ನೆಯ ಸರ್ವೇ ನಂಬರು ಎಂದರೆ ಆ ಊರಿನೊಳಗೆ ಮಾತ್ರ ಅರ್ಥ. ಪಕ್ಕದ ಊರಿನಲ್ಲಿಯೂ ಒಂದು ೪೫ ಇದೆ. ಊರ ಹೆಸರು, ತಾಲ್ಲೂಕಿನ ಹೆಸರು ಮುಂದೆ ಸೇರಿದರಷ್ಟೇ ಅದು ಜಗತ್ತಿನಲ್ಲಿ ಒಂದೇ ಒಂದು ಹೊಲವಾಗುತ್ತದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಫೋನಿನ ಪ್ರಶ್ನೆ ಬಂದಾಗ ಎರಡೂ ಉಪಯೋಗಕ್ಕೆ ಬರುತ್ತವೆ.

ನಂಬರು ತಂದ ಲಾಭ, ತಂದ ಬಾಧೆ

ಸರ್ವೇ ನಂಬರಿನಿಂದ ರೈತನಿಗೆ ಲಾಭವಾಗಲಿಲ್ಲವೆ? ಖಂಡಿತ ಆಯಿತು. ತನ್ನ ಹೊಲ ಎಷ್ಟು, ಕಂದಾಯ ಎಷ್ಟು ಎಂಬುದು ಕಾಗದದ ಮೇಲೆ ನಿಂತಿತು. ನಿಗದಿಯಾದ ಆಕಾರವನ್ನು ಮೂವತ್ತು ವರ್ಷ ಏರಿಸುವುದಿಲ್ಲವೆಂಬ ಭರವಸೆ ದೊರೆಯಿತು. ಬಲಿಷ್ಠ ನೆರೆಯವನು ಬದು ಒತ್ತಿದರೆ ದಾವೆ ಹೂಡಲು ಆಧಾರ ಸಿಕ್ಕಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಡಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೬೭ ಲಕ್ಷ ಖಾತೆದಾರರ ಕಾಗದಗಳು ಕೈಬರಹದಿಂದ ಬಿಡುಗಡೆ ಹೊಂದಿದವು. ಇದು ಸಾಧ್ಯವಾದದ್ದೂ ಹೊಲಕ್ಕೊಂದು ನಂಬರು ಮೊದಲೇ ಇದ್ದುದರಿಂದ.

ಆದರೆ ನಂಬರಿಗೆ ಎರಡು ಮುಖ. ನಿಮ್ಮ ಹೊಲವನ್ನು ನಿಮಗಾಗಿ ಗುರುತಿಸುವ ನಂಬರೇ ನಿಮ್ಮ ಬಳಿಗೆ ವಸೂಲಿಗಾರನನ್ನೂ ಕರೆತರುತ್ತದೆ. ನವಲಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದ ಮೇಲೆ, ಅಚ್ಚುಕಟ್ಟಿನೊಳಗೆ ಬಂದ ಜಮೀನುಗಳ ಮೇಲೆ ಅಭಿವೃದ್ಧಿ ಕರವೆಂಬ ಬೆಟರ್‌ಮೆಂಟ್ ಲೆವಿ ಬಿದ್ದಿತು. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಕರ ಬಂದಿದೆ ಎಂಬುದು ರೈತರ ದೂರುಗಳಲ್ಲಿ ಒಂದು. ೧೯೮೦ರ ಜುಲೈ ೨೧ರಂದು ನವಲಗುಂದ, ನರಗುಂದಗಳಲ್ಲಿ ಚಳವಳಿ ಗೋಲಿಬಾರಿನಲ್ಲಿ ಮುಗಿದು ರೈತರು ಪ್ರಾಣ ತೆತ್ತರು. ಆ ದಿನವನ್ನು ರೈತ ಹುತಾತ್ಮ ದಿನವೆಂದು ಇಂದಿಗೂ ಆಚರಿಸುತ್ತಾರೆ. ಹೊಲಕ್ಕೆ ಕಾಲುವೆಯ ನೀರು ಬಂತೋ ಇಲ್ಲವೋ ಎಂಬುದು ಬದುವಿನ ಮೇಲೆ ನಿಂತು ನೋಡಿದವನಿಗೆ ಗೊತ್ತು. ದಫ್ತರಕ್ಕೆ ಗೊತ್ತಿರುವುದು ಯಾವ ನಂಬರು ಯಾವ ಪಟ್ಟಿಯಲ್ಲಿದೆ ಎಂಬುದಷ್ಟೇ. ಆದ್ದರಿಂದ ನಂಬರು ಇದೆಯೇ ಎಂದು ಕೇಳಿದರೆ ಸಾಲದು. ಅದನ್ನು ಯಾವ ಪಟ್ಟಿಗೆ ಸೇರಿಸಿದ್ದಾರೆ, ಆ ಪಟ್ಟಿ ಯಾರ ಕೈಯಲ್ಲಿದೆ ಎಂದೂ ಕೇಳಬೇಕು. ಈಗ ಇದೇ ಪ್ರಶ್ನೆಯನ್ನು ಹಿಡಿದು ಫೋನಿನ ಕಡೆಗೆ ಬರೋಣ.

ಯಂತ್ರಗಳಿಗೆ ನಂಬರು ಬಂದ ಬಗೆ

೧೯೭೩ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ವಿಜ್ಞಾನಿ ಒಂದೇ ಕಟ್ಟಡದ ಗಣಕಯಂತ್ರಗಳನ್ನು ಒಂದೇ ತಂತಿಗೆ ಕಟ್ಟುವ ಉಪಾಯ ಹೂಡಿದನು. ಡೇವಿಡ್ ಬಾಗ್ಸ್ ಅವನ ಜೊತೆಗಾರ. ಈ ಏರ್ಪಾಟಿಗೆ ಈಥರ್‌ನೆಟ್ ಎಂದು ಹೆಸರಿಟ್ಟರು. ತಂತಿ ಒಂದೇ, ಕೇಳುವವರು ಹಲವರು. ಓಣಿಯ ನಡುವೆ ನಿಂತು ಕೂಗಿದ ಹಾಗೆ, ಒಬ್ಬರ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಹಾಗಾದರೆ ಮಾತು ಯಾರಿಗೆ ಹೇಳಿದ್ದು? ಅದಕ್ಕಾಗಿ ಪ್ರತಿಯೊಂದು ಯಂತ್ರಕ್ಕೂ ಒಂದು ನಂಬರು ಬೇಕಾಯಿತು. ಪ್ರಾಯೋಗಿಕ ಈಥರ್‌ನೆಟ್ಟಿನಲ್ಲಿ ಆ ನಂಬರು ಎಂಟು ಬಿಟ್‌ಗಳದು. ಬಿಟ್ ಎಂದರೆ ಒಂದು ಅಥವಾ ಸೊನ್ನೆ. ಎಂಟು ಬಿಟ್‌ಗಳಿಂದ ೨೫೬ ನಂಬರುಗಳಷ್ಟೇ ಆಗುತ್ತವೆ. ಒಂದು ಕಟ್ಟಡಕ್ಕೆ ಅದು ಸಾಕು. ನಮ್ಮ ಊರಿನೊಳಗಿನ ಸರ್ವೇ ನಂಬರಿನಂತೆಯೇ ಅದು ಆ ತಂತಿಯೊಳಗಿನ ನಂಬರು.

ಆದರೆ ಹೊಲ ಎದ್ದು ಪಕ್ಕದ ಊರಿಗೆ ಹೋಗುವುದಿಲ್ಲ. ಯಂತ್ರ ಹೋಗುತ್ತದೆ. ಒಂದು ಕಟ್ಟಡದ ೪೫ನೆಯ ಯಂತ್ರವನ್ನು ಎತ್ತಿ ಇನ್ನೊಂದು ಕಟ್ಟಡದಲ್ಲಿಟ್ಟರೆ, ಅಲ್ಲಿ ಆಗಲೇ ಒಂದು ೪೫ ಕುಳಿತಿರುತ್ತದೆ. ಈ ತೊಡಕನ್ನು ಬಿಡಿಸಿದವರಲ್ಲಿ ಒಬ್ಬರು ಭಾರತೀಯರು ಎಂಬುದು ನಮಗೆ ಸಂತೋಷದ ಸಂಗತಿ. ಮುಂಬಯಿಯ ಐಐಟಿಯಲ್ಲಿ ೧೯೭೨ರಲ್ಲಿ ಪದವಿ ಪಡೆದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಝೆರಾಕ್ಸ್ ಸೇರಿದ ಯೋಗೇನ್ ದಲಾಲ್ ಅವರೇ ಆ ವ್ಯಕ್ತಿ. ೧೯೮೧ರಲ್ಲಿ ಅವರು ರಾಬರ್ಟ್ ಪ್ರಿಂಟಿಸ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಈ ವಿಚಾರವನ್ನು ವಿವರಿಸಿದರು. ನಂಬರು ಜಾಲಕ್ಕೆ ಸೇರಬಾರದು, ಯಂತ್ರಕ್ಕೆ ಸೇರಬೇಕು. ಅದು ಇಡೀ ಜಗತ್ತಿನಲ್ಲಿ ಒಂದೇ ಒಂದಾಗಿರಬೇಕು. ಯಂತ್ರ ಎಲ್ಲಿಗೆ ಹೋದರೂ ನಂಬರು ಜೊತೆಗೆ ಹೋಗಬೇಕು. ಅದಕ್ಕಾಗಿ ೪೮ ಬಿಟ್‌ಗಳು ಬೇಕು ಎಂದು ಅವರು ವಾದಿಸಿದರು. ಅದಕ್ಕೆ ಮೊದಲೇ, ೧೯೮೦ರ ಸೆಪ್ಟೆಂಬರಿನಲ್ಲಿ, ಡಿಜಿಟಲ್, ಇಂಟೆಲ್, ಝೆರಾಕ್ಸ್ ಎಂಬ ಮೂರು ಕಂಪನಿಗಳು ಸೇರಿ ಹೊರಡಿಸಿದ ಈಥರ್‌ನೆಟ್ ನಿಯಮಾವಳಿಯಲ್ಲಿ ೪೮ ಬಿಟ್‌ಗಳ ವಿಳಾಸ ಸ್ಥಾನ ಪಡೆದಿತ್ತು.

೪೮ ಬಿಟ್‌ಗಳಿಂದ ಸುಮಾರು ೨೮೧ ಲಕ್ಷ ಕೋಟಿ ಬೇರೆಬೇರೆ ನಂಬರುಗಳಾಗುತ್ತವೆ. ಇವುಗಳನ್ನು ಹಂಚುವವರು ಯಾರು? ಮೊದಲು ಝೆರಾಕ್ಸ್ ಕಂಪನಿಯೇ ಹಂಚುತ್ತಿತ್ತು. ಆಮೇಲೆ ಆ ಕೆಲಸ ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಗೆ ಹೋಯಿತು. ಇಂದಿಗೂ ಅದೇ ಹಂಚುತ್ತದೆ. ೧೯೯೭ರಲ್ಲಿ ತಂತಿಯಿಲ್ಲದ ಜಾಲದ ನಿಯಮಾವಳಿ ಹೊರಬಂದಾಗ ಅದರಲ್ಲಿಯೂ ಇದೇ ೪೮ ಬಿಟ್‌ಗಳ ವಿಳಾಸವನ್ನು ಉಳಿಸಿಕೊಂಡರು. ಅದನ್ನೇ ನಾವು ಇಂದು ವೈ-ಫೈ ಎನ್ನುತ್ತೇವೆ. ಕಟ್ಟಡದೊಳಗಿನ ತಂತಿಗಾಗಿ ಹುಟ್ಟಿದ ನಂಬರು ಹೀಗೆ ನಿಮ್ಮ ಕಿಸೆಯವರೆಗೆ ಬಂದಿತು.

ಮ್ಯಾಕ್ ವಿಳಾಸವನ್ನು ಓದುವ ರೀತಿ

ಮ್ಯಾಕ್ ವಿಳಾಸದಲ್ಲಿ ಹನ್ನೆರಡು ಸ್ಥಾನಗಳಿರುತ್ತವೆ. ಎರಡೆರಡರಂತೆ ಆರು ಜೋಡಿ ಮಾಡಿ, ನಡುವೆ ಗೆರೆ ಅಥವಾ ಎರಡು ಚುಕ್ಕೆ ಇಟ್ಟು ಬರೆಯುತ್ತಾರೆ. ಉದಾಹರಣೆಗೆ, ೦೦-೦೦-೫ಇ-೦೦-೫೩-೧ಎ. ಇದು ಪುಸ್ತಕಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಮೀಸಲಾದ ಗುಂಪಿನದು, ಯಾರ ಫೋನಿನದೂ ಅಲ್ಲ. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ ಬಂದಿದೆಯೆಂದು ಗಾಬರಿಯಾಗಬೇಡಿ. ಹದಿನಾರರ ಲೆಕ್ಕದಲ್ಲಿ ಒಂಬತ್ತರ ನಂತರ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ ಹದಿನೈದಕ್ಕೆ ಎಫ್ ತನಕ ಬರೆಯುತ್ತಾರೆ. ಹದಿನಾರು ಆಣೆಗೆ ರೂಪಾಯಿ ಎಂದು ಎಣಿಸಿದ ನಾಡಿಗೆ ಹದಿನಾರರ ಲೆಕ್ಕ ಹೊಸದಲ್ಲ.

ಈ ಆರು ಜೋಡಿಗಳಲ್ಲಿ ಮೊದಲಿನ ಮೂರು ಸಾಮಾನ್ಯವಾಗಿ ತಯಾರಕರದು. ಐಇಇಇ ಒಂದು ಕಂಪನಿಗೆ ಆ ಮೂರು ಜೋಡಿಗಳನ್ನು ಕೊಟ್ಟರೆ, ಉಳಿದ ಮೂರರಲ್ಲಿ ಕಂಪನಿ ತಾನೇ ಸಾಲಾಗಿ ಎಣಿಸಿಕೊಂಡು ೧ ಕೋಟಿ ೬೭ ಲಕ್ಷ ಯಂತ್ರಗಳಿಗೆ ನಂಬರು ಹಾಕಬಹುದು. ಒಂದರ್ಥದಲ್ಲಿ ಮೊದಲರ್ಧ ಊರು, ಎರಡನೆಯರ್ಧ ಸರ್ವೇ ನಂಬರು. ವ್ಯತ್ಯಾಸವೆಂದರೆ ಇಲ್ಲಿ ಊರು ಎಂದರೆ ಯಂತ್ರ ಇರುವ ಊರಲ್ಲ, ಹುಟ್ಟಿದ ಮನೆ.

ಹಾಗಾದರೆ ದೂರದೂರಿನವರು ಈ ನಂಬರು ನೋಡಿ ನಮ್ಮನ್ನು ಹುಡುಕಬಹುದೆ? ಇಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಅಂಚೆಯ ಉದಾಹರಣೆಯಿಂದ ಹೇಳುವುದು ಸುಲಭ. ೧೯೭೨ರ ಆಗಸ್ಟ್ ೧೫ರಂದು ಬಂದ ಪಿನ್ ಕೋಡ್ ಪ್ರಕಾರ ಅಣ್ಣಿಗೇರಿಗೆ ೫೮೨೨೦೧, ನವಲಗುಂದಕ್ಕೆ ೫೮೨೨೦೮, ಕುಂದಗೋಳಕ್ಕೆ ೫೮೧೧೧೩, ಕಲಘಟಗಿಗೆ ೫೮೧೨೦೪. ದೆಹಲಿಯಲ್ಲಿ ಹಾಕಿದ ಕಾಗದ ಈ ಆರು ಅಂಕಿಗಳ ಬಲದಿಂದ ಕಲಘಟಗಿಯ ಅಂಚೆ ಕಚೇರಿಗೆ ಬರುತ್ತದೆ. ಅಲ್ಲಿಂದ ಮುಂದೆ ಓಣಿ, ಮನೆ, ಹೆಸರು ನೋಡಿ ಬಾಗಿಲಿಗೆ ಮುಟ್ಟಿಸುವುದು ಅಂಚೆಯವನ ಕೆಲಸ. ಅಂತರ್ಜಾಲದಲ್ಲಿ ದೂರದ ಪ್ರಯಾಣವನ್ನು ನೋಡಿಕೊಳ್ಳುವುದು ಐಪಿ ವಿಳಾಸವೆಂಬ ಬೇರೊಂದು ವಿಳಾಸ. ಮ್ಯಾಕ್ ವಿಳಾಸದ ಕೆಲಸ ಓಣಿಯೊಳಗಿನದು. ನಿಮ್ಮ ಫೋನಿಗೂ ಅದು ಸೇರಿಕೊಂಡ ವೈ-ಫೈ ಪೆಟ್ಟಿಗೆಗೂ ನಡುವೆ ಅದು ಓಡಾಡುತ್ತದೆ. ಆ ಪೆಟ್ಟಿಗೆಯನ್ನು ದಾಟಿ ಹೊರಗಿನ ಜಾಲಕ್ಕೆ ಹೋಗುವ ಸುದ್ದಿಯ ಮೇಲೆ ನಿಮ್ಮ ಫೋನಿನ ಮ್ಯಾಕ್ ವಿಳಾಸ ಉಳಿಯುವುದಿಲ್ಲ. ಆದ್ದರಿಂದ ಬೇರೆ ಊರಿನಲ್ಲಿ ಕುಳಿತ ಯಾವನೋ ಬರೀ ಈ ನಂಬರು ಹಿಡಿದು ನಿಮ್ಮ ಮನೆಗೆ ಬರಲಾರ. ಆದರೆ ಓಣಿಯೊಳಗೆ ನಿಂತವನ ಮಾತೇ ಬೇರೆ.

ಗುರುತೇ ಬೆನ್ನು ಹತ್ತಿದಾಗ

ನಿಮ್ಮ ಫೋನಿನಲ್ಲಿ ವೈ-ಫೈ ತೆರೆದಿದ್ದರೆ ಅದು ಸುಮ್ಮನಿರುವುದಿಲ್ಲ. ಹತ್ತಿರದಲ್ಲಿ ಗುರುತಿನ ಜಾಲವಿದೆಯೇ ಎಂದು ಆಗಾಗ ಗಾಳಿಯಲ್ಲಿ ಕೂಗು ಹಾಕುತ್ತದೆ. ಹಿಂದಿನ ಫೋನುಗಳು ಹೀಗೆ ಕೂಗುವಾಗಲೆಲ್ಲ ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನೇ ಹೇಳುತ್ತಿದ್ದವು. ನೀವು ಯಾವ ಜಾಲಕ್ಕೂ ಸೇರದಿದ್ದರೂ, ಬರೀ ದಾರಿಯಲ್ಲಿ ನಡೆದು ಹೋದರೂ ಸಾಕು. ಅದನ್ನು ಕೇಳಿಸಿಕೊಳ್ಳುವ ಯಂತ್ರವನ್ನು ಯಾರಾದರೂ ಇಟ್ಟಿದ್ದರೆ, ಈ ನಂಬರು ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ, ಹತ್ತಕ್ಕೆ ಅಲ್ಲಿ ಎಂದು ಬರೆದುಕೊಳ್ಳಬಹುದಾಗಿತ್ತು.

ಇದು ಊಹೆಯ ಮಾತಲ್ಲ. ೨೦೧೩ರಲ್ಲಿ ಲಂಡನ್ ನಗರದ ಬೀದಿಗಳಲ್ಲಿ ಜಾಹೀರಾತು ತೋರಿಸುವ ಕಸದ ತೊಟ್ಟಿಗಳನ್ನು ಇಟ್ಟಿದ್ದರು. ಅವುಗಳಲ್ಲಿ ೧೨ ತೊಟ್ಟಿಗಳು ಎದುರಿಗೆ ನಡೆದು ಹೋಗುವವರ ಫೋನುಗಳ ಮ್ಯಾಕ್ ವಿಳಾಸಗಳನ್ನು ಹಿಡಿದುಕೊಳ್ಳುತ್ತಿದ್ದವು. ಸುದ್ದಿ ಹೊರಬಿದ್ದು ಗದ್ದಲವಾದ ಮೇಲೆ ಆ ವರ್ಷದ ಆಗಸ್ಟಿನಲ್ಲಿ ನಗರಾಡಳಿತ ಅದನ್ನು ನಿಲ್ಲಿಸಬೇಕೆಂದು ಹೇಳಿತು. ಹೆಸರಿಲ್ಲ, ಊರಿಲ್ಲ, ಬರೀ ನಂಬರು ತಾನೆ ಎಂದು ಸಮಾಧಾನ ಹೇಳುವವರೂ ಇದ್ದರು. ಆದರೆ ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬರುವ ನಂಬರು ಯಾರದೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಸಂತೆಯಲ್ಲಿ ಒಬ್ಬ ಮನುಷ್ಯನನ್ನು ಹೆಸರು ಗೊತ್ತಿಲ್ಲದೆಯೂ ಅವನ ರುಮಾಲಿನ ಬಣ್ಣದಿಂದ ಗುರುತು ಹಿಡಿದು ದಿನವಿಡೀ ಹಿಂಬಾಲಿಸಬಹುದು. ಮ್ಯಾಕ್ ವಿಳಾಸ ಬದಲಾಯಿಸಲಾಗದ ರುಮಾಲಾಗಿತ್ತು.

ಹೀಗೆ ಯೋಗೇನ್ ದಲಾಲ್ ಮತ್ತು ಅವರ ಸಂಗಡಿಗರು ಯಾವ ಗುಣವನ್ನು ಬಯಸಿದ್ದರೋ, ಅಂದರೆ ಯಂತ್ರ ಎಲ್ಲಿಗೆ ಹೋದರೂ ನಂಬರು ಬದಲಾಗಬಾರದು ಎಂಬುದನ್ನು, ಆ ಗುಣವೇ ಮೂವತ್ತು ವರ್ಷಗಳ ನಂತರ ದೋಷವಾಗಿ ಕಂಡಿತು. ಇದರಲ್ಲಿ ಅವರ ತಪ್ಪಿಲ್ಲ. ೧೯೮೦ರಲ್ಲಿ ಯಂತ್ರವೆಂದರೆ ಮೇಜಿನ ಮೇಲೆ ಕುಳಿತಿರುವ ಪೆಟ್ಟಿಗೆ. ಅದು ವರ್ಷಕ್ಕೊಮ್ಮೆ ಕೋಣೆ ಬದಲಾಯಿಸಿದರೆ ಹೆಚ್ಚು. ಮನುಷ್ಯನ ಕಿಸೆಯಲ್ಲಿ ಕುಳಿತು ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಹೋಗುವ ಯಂತ್ರ ಆಗ ಇರಲಿಲ್ಲ. ಯಂತ್ರವನ್ನು ಗುರುತಿಸುವ ನಂಬರು ಮನುಷ್ಯನನ್ನು ಗುರುತಿಸುವ ನಂಬರಾದದ್ದು ಹೀಗೆ.

ಫೋನ್ ತಯಾರಕರು ಇದಕ್ಕೆ ಹುಡುಕಿದ ಪರಿಹಾರ ಸ್ವಾರಸ್ಯವಾಗಿದೆ. ಫೋನಿಗೆ ಸುಳ್ಳು ಹೇಳುವುದನ್ನು ಕಲಿಸಿದರು! ೨೦೧೪ರಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳು ಜಾಲ ಹುಡುಕುವಾಗ ತೋರಿಕೆಯ ವಿಳಾಸ ಹೇಳುವಂತೆ ಮಾಡಿತು. ೨೦೧೯ರ ಆಂಡ್ರಾಯ್ಡ್ ೧೦ರಿಂದ ಮತ್ತು ೨೦೨೦ರ ಐಓಎಸ್ ೧೪ರಿಂದ, ಜಾಲಕ್ಕೆ ಸೇರುವಾಗಲೂ ತೋರಿಕೆಯ ವಿಳಾಸವನ್ನೇ ಕೊಡುವುದು ರೂಢಿಯಾಯಿತು. ಮನೆಯ ವೈ-ಫೈಗೆ ಒಂದು, ಬಸ್ ನಿಲ್ದಾಣದ ವೈ-ಫೈಗೆ ಇನ್ನೊಂದು. ಇಬ್ಬರೂ ತಮ್ಮ ಪಟ್ಟಿಗಳನ್ನು ಎದುರುಬದರು ಇಟ್ಟು ನೋಡಿದರೂ ಮ್ಯಾಕ್ ವಿಳಾಸದಿಂದ ಎರಡೂ ಒಂದೇ ಫೋನೆಂದು ತಿಳಿಯಲಾರರು. ಫೋನಿನೊಳಗಿನ ಆ್ಯಪುಗಳಿಂದಲೂ ನಿಜವಾದ ನಂಬರನ್ನು ಮರೆಮಾಚುವ ಕೆಲಸ ಇದಕ್ಕೂ ಮೊದಲೇ ನಡೆದಿತ್ತು. ೨೦೧೫ರ ಆಂಡ್ರಾಯ್ಡ್ ೬ರಿಂದ ಸಾಮಾನ್ಯ ಆ್ಯಪು ಮ್ಯಾಕ್ ವಿಳಾಸ ಕೇಳಿದರೆ ೦೨-೦೦-೦೦-೦೦-೦೦-೦೦ ಎಂಬ ಒಂದೇ ಉತ್ತರ ಸಿಗತೊಡಗಿತು.

ಹುಡುಕುವುದು ಹೇಗೆ, ಕೊಡುವುದು ಯಾವುದನ್ನು

ಈಗ ಕೆಲಸದ ಮಾತಿಗೆ ಬರೋಣ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್ ಎಂಬಲ್ಲಿಗೆ ಹೋಗಿ. ಅಲ್ಲಿಯೇ ಅಥವಾ ಅದರೊಳಗಿನ ಸ್ಟೇಟಸ್ ಎಂಬಲ್ಲಿ ವೈ-ಫೈ ಮ್ಯಾಕ್ ಅಡ್ರೆಸ್ ಎಂದು ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ತುಸು ಆಚೀಚೆ ಆಗಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಒಂದೊಂದಾಗಿ ಒತ್ತಿದರೆ ವೈ-ಫೈ ಅಡ್ರೆಸ್ ಕಾಣುತ್ತದೆ. ಅದರ ಹತ್ತಿರವೇ ಬ್ಲೂಟೂತ್ ಅಡ್ರೆಸ್ ಎಂದು ಇನ್ನೊಂದಿರುತ್ತದೆ. ಅದು ಬೇರೆ, ವೈ-ಫೈ ಫಾರ್ಮಿನಲ್ಲಿ ಅದನ್ನು ಬರೆಯಬಾರದು.

ಇಷ್ಟು ಮಾಡಿ ಬರೆದುಕೊಟ್ಟರೂ ವೈ-ಫೈ ಬರಲಿಲ್ಲವೆಂದು ದೂರುವವರು ಬಹಳ. ಕಾರಣವನ್ನು ನೀವು ಈಗಾಗಲೇ ಊಹಿಸಿರಬಹುದು. ಪಟ್ಟಿಯಲ್ಲಿರುವುದು ಕಾರ್ಖಾನೆಯ ನಂಬರು, ಫೋನು ಬಾಗಿಲಲ್ಲಿ ಹೇಳುತ್ತಿರುವುದು ತೋರಿಕೆಯ ನಂಬರು. ಪಟ್ಟಿಯಲ್ಲಿ ಆ ಹೆಸರಿಲ್ಲವೆಂದು ಒಳಗೆ ಬಿಡುತ್ತಿಲ್ಲ. ಆಗ ಸೆಟ್ಟಿಂಗ್ಸಿನಲ್ಲಿ ವೈ-ಫೈಗೆ ಹೋಗಿ, ಆ ಜಾಲದ ಹೆಸರಿನ ಪಕ್ಕದ ಗುರುತನ್ನು ಒತ್ತಿ ವಿವರ ನೋಡಿ. ಆಂಡ್ರಾಯ್ಡಿನಲ್ಲಿ ಪ್ರೈವಸಿ ಎಂಬಲ್ಲಿ ರ‍್ಯಾಂಡಮೈಸ್ಡ್ ಮ್ಯಾಕ್ ಬೇಕೋ ಡಿವೈಸ್ ಮ್ಯಾಕ್ ಬೇಕೋ ಎಂದು ಆಯ್ಕೆ ಇರುತ್ತದೆ. ಐಫೋನಿನಲ್ಲಿ ಅದಕ್ಕೆ ಪ್ರೈವೇಟ್ ವೈ-ಫೈ ಅಡ್ರೆಸ್ ಎನ್ನುತ್ತಾರೆ. ಆ ಒಂದು ಜಾಲಕ್ಕೆ ಮಾತ್ರ ನಿಜವಾದ ನಂಬರನ್ನು ಆರಿಸಿಕೊಂಡರೆ ತೊಡಕು ಬಗೆಹರಿಯುತ್ತದೆ. ಉಳಿದ ಜಾಲಗಳಿಗೆ ತೋರಿಕೆಯ ನಂಬರೇ ಇರಲಿ.

ಕಣ್ಣೆದುರಿನ ನಂಬರು ಕಾರ್ಖಾನೆಯದೋ ತೋರಿಕೆಯದೋ ಎಂದು ತಿಳಿಯಲು ಒಂದು ಸುಲಭವಾದ ಉಪಾಯವಿದೆ. ಮೊದಲ ಜೋಡಿಯ ಎರಡನೆಯ ಸ್ಥಾನವನ್ನು ನೋಡಿ. ಅಲ್ಲಿ ೨, ೬, ಎ, ಇ ಈ ನಾಲ್ಕರಲ್ಲಿ ಒಂದಿದ್ದರೆ ಅದು ಸ್ಥಳದಲ್ಲಿಯೇ ಮಾಡಿಕೊಂಡ ವಿಳಾಸ, ಐಇಇಇ ಕೊಟ್ಟದ್ದಲ್ಲ. ೪೮ ಬಿಟ್‌ಗಳನ್ನು ಹಂಚಿದಾಗಲೇ ಒಂದು ಬಿಟ್ಟನ್ನು ಈ ಭೇದ ತೋರಿಸುವುದಕ್ಕೆಂದು ಎತ್ತಿಟ್ಟಿದ್ದರು. ಆ್ಯಪುಗಳಿಗೆ ಸಿಗುವ ೦೨ರಿಂದ ಆರಂಭವಾಗುವ ಉತ್ತರವೂ ಈ ಜಾತಿಯದೇ ಎಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು.

ಇದರಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಯಂತ್ರ ತನ್ನ ನಂಬರನ್ನು ತಾನೇ ಬದಲಾಯಿಸಿ ಹೇಳಬಲ್ಲದಾದರೆ, ಕೇಡು ಬಗೆಯುವವನೂ ಇನ್ನೊಬ್ಬರ ನಂಬರನ್ನು ತನ್ನದೆಂದು ಹೇಳಬಲ್ಲ. ಹೀಗಾಗಿ ಮ್ಯಾಕ್ ವಿಳಾಸದ ಪಟ್ಟಿ ಇಟ್ಟಿದ್ದೇವೆ, ನಮ್ಮ ವೈ-ಫೈಗೆ ಭಯವಿಲ್ಲ ಎಂದು ನಂಬಿ ಕೂರುವುದು ಸರಿಯಲ್ಲ. ಬಾಗಿಲಿಗೆ ಬೀಗ ಬೇಕು, ಆ ಬೀಗ ಗಟ್ಟಿಯಾದ ಪಾಸ್‌ವರ್ಡು.

ಫೋನ್ ಕಳವಾದರೆ

ಮ್ಯಾಕ್ ವಿಳಾಸವನ್ನು ಐಎಂಇಐ ನಂಬರಿನೊಡನೆ ಬೆರೆಸಿಕೊಳ್ಳಬಾರದು. ಅದು ೧೫ ಅಂಕಿಗಳದು, ಅಕ್ಷರಗಳಿಲ್ಲ. ಮೊಬೈಲ್ ಟವರಿನ ಜಾಲ ಫೋನನ್ನು ಗುರುತಿಸುವುದು ಅದರಿಂದ. ಕರೆ ಮಾಡುವ ಜಾಗದಲ್ಲಿ ನಕ್ಷತ್ರದ ಗುರುತು, ಹ್ಯಾಷ್, ಸೊನ್ನೆ, ಆರು, ಮತ್ತೆ ಹ್ಯಾಷ್ ಒತ್ತಿದರೆ ತೆರೆಯ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುತ್ತವೆ. ಜಾತ್ರೆಯಲ್ಲೋ ಬಸ್ಸಿನಲ್ಲೋ ಫೋನ್ ಕಳವಾದರೆ ನೆರವಿಗೆ ಬರುವುದು ಇದು, ಮ್ಯಾಕ್ ವಿಳಾಸವಲ್ಲ. ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ದೂರಸಂಪರ್ಕ ಇಲಾಖೆ ೨೦೨೩ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ ಸಾಥಿಯಲ್ಲಿ ಈ ನಂಬರನ್ನು ಕೊಟ್ಟು ಫೋನನ್ನು ನಿರ್ಬಂಧಿಸಬಹುದು. ಆಮೇಲೆ ದೇಶದ ಯಾವ ಸಿಮ್ ಹಾಕಿದರೂ ಅದಕ್ಕೆ ಜಾಲ ದೊರೆಯುವುದಿಲ್ಲ. ಆದರೆ ಕಳೆದುಹೋದ ಮೇಲೆ ನಂಬರು ಎಲ್ಲಿಂದ ನೋಡುವುದು? ಆದ್ದರಿಂದ ಇಂದೇ ಒಂದು ಚೀಟಿಯಲ್ಲಿ ಬರೆದು, ಖರೀದಿ ರಸೀದಿಯೊಡನೆ ಉತಾರದ ಪೆಟ್ಟಿಗೆಯಲ್ಲಿಡಿ. ಫೋನ್ ಬಂದ ಡಬ್ಬಿಯ ಮೇಲೆಯೂ ಅದು ಇರುತ್ತದೆ. ಡಬ್ಬಿಯನ್ನು ರದ್ದಿಗೆ ಹಾಕಬೇಡಿ.

ಇನ್ನು ನಂಬರುಗಳು ಶಾಶ್ವತವೆಂದೂ ಭಾವಿಸಬೇಕಾಗಿಲ್ಲ. ಧಾರವಾಡ ಜಿಲ್ಲೆಯ ಉತಾರಗಳಲ್ಲಿ ರಿ.ಸ.ನಂ. ಎಂದು ಬರೆದಿರುವುದನ್ನು ಕಂಡಿದ್ದೀರಲ್ಲ, ಅದು ಮರುಮೋಜಣಿಯ ನಂಬರು. ಹೊಲ ಪಾಲಾದರೆ ಹಿಸ್ಸಾ ನಂಬರು ಸೇರುತ್ತದೆ. ಆದರೆ ಹೊಲದ ನಂಬರಿಗೆ ಆದ ಬದಲಾವಣೆ ದಫ್ತರದಲ್ಲಿ ದಾಖಲಾಗುತ್ತದೆ. ಒಡೆಯ ಬದಲಾದರೆ ವರ್ದಿ ಕೊಡಬೇಕು, ನೋಟೀಸು ಬರಬೇಕು, ತಕರಾರು ಇದ್ದರೆ ಕೇಳಬೇಕು. ಒಂದು ನೂರ ಎಂಬತ್ತು ವರ್ಷಗಳಲ್ಲಿ ರೈತ ಈ ದಫ್ತರದೊಡನೆ ಜಗಳವಾಡುತ್ತ, ಅರ್ಜಿ ಬರೆಯುತ್ತ, ಕಡೆಗೆ ಚಳವಳಿಯನ್ನೂ ಮಾಡುತ್ತ ತನ್ನ ನಂಬರಿನ ಮೇಲೆ ತನಗೂ ಒಂದಿಷ್ಟು ಹಕ್ಕನ್ನು ಗಳಿಸಿಕೊಂಡಿದ್ದಾನೆ. ತನ್ನ ಉತಾರವನ್ನು ತಾನು ಕೇಳಿ ಪಡೆಯುವ ಹಕ್ಕು ಅದರಲ್ಲಿ ಮೊದಲನೆಯದು.

ಫೋನಿನ ನಂಬರಿನ ವಿಷಯದಲ್ಲಿ ಅಂಥ ತಿಳಿವಳಿಕೆ ಇನ್ನೂ ಬೆಳೆಯಬೇಕಾಗಿದೆ. ಯಾರಾದರೂ ಮ್ಯಾಕ್ ವಿಳಾಸ ಬರೆದುಕೊಡಿ ಎಂದರೆ ಸಂಶಯಪಟ್ಟು ಓಡಬೇಕಾಗಿಲ್ಲ. ವಸತಿ ನಿಲಯದ ವೈ-ಫೈಗೆ ಅದು ಬೇಕಾದೀತು. ಆದರೆ ಯಾವ ಕೆಲಸಕ್ಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಮತ್ತೆ ಯಾರಿಗೆ ತೋರಿಸುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿ ಬರೆದುಕೊಡಿ. ಸರಪಳಿ ಹಿಡಿದು ಬಂದ ಮೋಜಣಿದಾರನನ್ನು ಊರ ಹಿರಿಯರು ಬದುವಿನ ಮೇಲೆ ನಿಂತು ಕೇಳಿದ ಪ್ರಶ್ನೆಗಳೂ ಇಂಥವೇ ಆಗಿರಬೇಕು.